ಮಂಗಳವಾರದ ಕೆಮಿಸ್ಟ್ರಿ

ಜೂನ್ ತಿಂಗಳಲ್ಲಿ ನನ್ನ ಕೋಣೆಗೆ ಕತ್ತಲೆ ಕವಿಯಿತು. ಅದಕ್ಕೆ ಕಾರಣ ನನ್ನ ತಂಗಿಯ ಗಂಡ ಎಫ್ರೆನ್. ಮಗಳು ಇಸಾಬೆಲ್, ನಮ್ಮೆಲ್ಲರ ಬಾಯಲ್ಲಿ ಇಸಾಯ್, ಹೈಸ್ಕೂಲು ಮುಗಿಸಿದ್ದೇ ತಡ, ಆಳೆತ್ತರದ ಒಂದು ಫ್ಲೆಕ್ಸ್ ಮಾಡಿಸಿಕೊಂಡು ಬಂದು ಗ್ಯಾರೇಜಿನ ಗೋಡೆಗೆ ಬಿಗಿದ. ಆ ಗ್ಯಾರೇಜೇ ನನ್ನ ಕೋಣೆ. ಅದಕ್ಕಿರುವುದು ಒಂದೇ ಕಿಟಕಿ. ಆ ಕಿಟಕಿಯ ಮೇಲೆ ಸರಿಯಾಗಿ ಇಸಾಯ್‌ಳ ಗಲ್ಲ ಬಂದು ಕೂತಿತು.

“ಎಫ್ರೆನ್, ನಂಗೆ ಬೆಳಕು ಬೇಡ್ವೇನಪ್ಪಾ?” ಎಂದೆ.

“ಬೆಳಕೇನ್ ಮಹಾ, ಸ್ವಿಚ್ ಹಾಕಿದ್ರೆ ಬರತ್ತೆ ಅಕ್ಕಾ. ಡಾಕ್ಟ್ರು ಹಂಗೆ ಬರ್ತಾರಾ?” ಎಂದ.

ನಮ್ಮ ಫಿಲಿಪೀನ್ಸ್ ಜನಕ್ಕೆ ಫ್ಲೆಕ್ಸಿನ ಹುಚ್ಚು. ಯಾರ ಮಗನಾದರೂ ವಕೀಲಿ ಪರೀಕ್ಷೆ ಪಾಸಾದರೆ, ಯಾರ ಸೊಸೆಯಾದರೂ ನರ್ಸಿಂಗ್ ಪರೀಕ್ಷೆ ಪಾಸಾದರೆ ಬೀದಿಗೊಂದು ಫ್ಲೆಕ್ಸ್ ಏಳಲೇಬೇಕು. ಆದರೆ ಅದು ಪಾಸಾದ ಮೇಲೆ! ಇನ್ನೂ ಕಾಲೇಜಿನ ಮೆಟ್ಟಿಲು ಹತ್ತದ ಹುಡುಗಿಗೆ ಬಿಳಿ ಕೋಟು ತೊಡಿಸಿ, ಕೊರಳಿಗೆ ಸ್ಟೆತಸ್ಕೋಪ್ ಹಾಕಿ, ‘ನಮ್ಮ ಮನೆಯ ಡಾಕ್ಟರ್ ಇಸಾಬೆಲ್‌ಗೆ ಅಭಿನಂದನೆಗಳು’ ಎಂದು ಬರೆಸಿದ ಮೊದಲ ಮನುಷ್ಯ ಬಹುಶಃ ಎಫ್ರೆನ್. ಕೋಟು ಪಕ್ಕದ ಬೀದಿಯ ಮಾಂಸದಂಗಡಿಯವನದು. ಸ್ಟೆತಸ್ಕೋಪ್ ನನ್ನ ತಂಗಿ ನೋರ್ಲಿಯದು, ಅವಳು ವೃದ್ಧಾಶ್ರಮವೊಂದರಲ್ಲಿ ರಾತ್ರಿ ಪಾಳಿಯ ನರ್ಸ್. ಅದೇ ಫ್ಲೆಕ್ಸಿನ ಇನ್ನೊಂದು ಪ್ರತಿ ಸೋಪು, ಚಾಕೊಲೇಟು, ಡಬ್ಬಿ ಮಾಂಸದ ಜೊತೆ ಪೆಟ್ಟಿಗೆಯಲ್ಲಿ ಕೂತು, ನಾವು ವಲಸೆ ಬಂದ ಈ ದೇಶದಿಂದ ಸಮುದ್ರ ದಾಟಿ ಫಿಲಿಪೀನ್ಸಿನ ನಮ್ಮ ಹುಟ್ಟೂರಿನ ಚರ್ಚಿನ ಎದುರು ಏರಿತು.

ಎಫ್ರೆನ್‌ನ ತಾಯಿ ಅಂಗಳದ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಮೊಮ್ಮಕ್ಕಳು ಅವಳನ್ನು ಲೋಲಾ ಎನ್ನುತ್ತಾರೆ, ಹಾಗಾಗಿ ಬೀದಿಯವರಿಗೆಲ್ಲ ಅವಳು ಲೋಲಾ.

“ಅದೇನೋ ಅದು? ಚುನಾವಣೆಗೆ ನಿಂತಿದಾಳಾ?” ಎಂದಳು.

“ಅಲ್ಲಮ್ಮ, ಡಾಕ್ಟರಾಗ್ತಾಳೆ ನಿನ್ ಮೊಮ್ಮಗಳು.”

“ಆಗ್ಲಿ. ಆದ್ಮೇಲೆ ಕಟ್ಟು. ಈಗ ಇಳಿಸು.”

ಎಫ್ರೆನ್ ಇಳಿಸಲಿಲ್ಲ.

ಆ ಮೇ ತಿಂಗಳಲ್ಲೇ ಲೋಲಾಳ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಡಯಾಲಿಸಿಸ್. ಶಾಲೆ ಮುಗಿದಿತ್ತಲ್ಲ, ಇಸಾಯ್ ಕರೆದುಕೊಂಡು ಹೋಗತೊಡಗಿದಳು. ಹೋಗು ಎಂದು ಯಾರೂ ಹೇಳಲಿಲ್ಲ, ಹೋಗ್ತೀಯಾ ಎಂದು ಯಾರೂ ಕೇಳಲಿಲ್ಲ. ಮನೆಯ ಒಂದೇ ಕಾರಿನ ಕೀಲಿ ತಾನಾಗಿ ಅವಳ ಕೈಗೆ ಬಂದು ಸೇರಿತು. ಹೆಣ್ಣುಮಕ್ಕಳ ಕೊರಳಿಗೆ ಕೆಲಸ ಬೀಳುವುದೇ ಹೀಗೆ. ಒಂದು ಸಲ ಮಾಡಿದರೆ ಮುಗಿಯಿತು, ಆಮೇಲೆ ಅದು ಹುಟ್ಟಿನಿಂದಲೇ ಅವಳ ಕೆಲಸ ಎಂಬಂತೆ ಎಲ್ಲರೂ ಮಾತಾಡುತ್ತಾರೆ. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ನೀನ್ಯಾಕೆ ಓಡಿಸಲಿಲ್ಲ ಎಂದು ನನ್ನನ್ನು ಕೇಳಬೇಡಿ. ನನ್ನ ಎಡಗಣ್ಣಿಗೆ ಪೊರೆ. ಲೈಸೆನ್ಸಿಗೆ ಹೋದಾಗ ಪರೀಕ್ಷೆ ಮಾಡುವ ಮಹಾಶಯ ಅರ್ಧ ದಾರಿಯಲ್ಲೇ ಇಳಿದು ನಡೆದುಕೊಂಡು ಹೋದ. ನೋರ್ಲಿ ಹಿಂದೊಮ್ಮೆ ರಾತ್ರಿ ಪಾಳಿ ಮುಗಿಸಿ ಬರುವಾಗ ಸ್ಟೀರಿಂಗ್ ಮೇಲೇ ತೂಕಡಿಸಿ ಎದುರು ಮನೆಯ ಅಂಚೆಪೆಟ್ಟಿಗೆ ಉರುಳಿಸಿದ್ದಳು. ಆಮೇಲಿಂದ ಅವಳನ್ನು ಜೊತೆ ಕೆಲಸದವಳು ತಂದು ಬಿಡುತ್ತಾಳೆ. ಎಫ್ರೆನ್ ನಮ್ಮ ವಲೇಹೋ ಊರಿನ ಬಸ್ ಡ್ರೈವರ್, ಊರವರ ಅಮ್ಮಂದಿರನ್ನೆಲ್ಲ ಆಸ್ಪತ್ರೆಗೆ ಮುಟ್ಟಿಸುವವನು. ಇನ್ನು ಉಳಿದವನು ಇಸಾಯ್‌ಳ ಅಣ್ಣ ರಾನೆಲ್. ವಯಸ್ಸು ಇಪ್ಪತ್ತನಾಲ್ಕು, ಸಂಜೆ ಗೋದಾಮಿನಲ್ಲಿ ಕೆಲಸ, ಬಂದ ಮೇಲೆ ಬೆಳಗಿನವರೆಗೆ ವಿಡಿಯೋ ಗೇಮ್, ಆಮೇಲೆ ಮಧ್ಯಾಹ್ನದವರೆಗೆ ನಿದ್ದೆ. ಅವನಿಗೆ ಲೈಸೆನ್ಸ್ ಇದೆ. ಅದನ್ನು ಪರ್ಸಿನೊಳಗೆ ದೇವರ ಪಟದ ಪಕ್ಕ ಭದ್ರವಾಗಿಟ್ಟಿದ್ದ.

ಜುಲೈನಲ್ಲಿ ಕಾಲೇಜಿನವರು ಹೊಸ ಮಕ್ಕಳನ್ನೆಲ್ಲ ಕರೆಸಿ ಮೊದಲ ವರ್ಷದ ವಿಷಯ ಆರಿಸಿಕೊಳ್ಳಲು ಹೇಳಿದರು. ಕಾಲೇಜು ಸೇತುವೆಯಾಚೆ, ಮನೆಯಿಂದಲೇ ಓಡಾಡುವಷ್ಟು ದೂರ. ಇಸಾಯ್ ಸಂಜೆ ಬಂದಾಗ ಮುಖ ಹೂವಿನ ಹಾಗಿತ್ತು. ಅಂದು ಹುಣಸೆ ಹುಳಿ ಹಿಂಡಿದ ಮೀನಿನ ಸಾರು ಮಾಡಿದ್ದೆ. ಲೋಲಾಗೆ ಬೇರೆ ಪಾತ್ರೆಯಲ್ಲಿ, ಉಪ್ಪಿಲ್ಲದ್ದು.

“ಏನೇನ್ ತಗೊಂಡೆ?” ನೋರ್ಲಿ ಕೇಳಿದಳು. ಅವಳು ಪಾಳಿಗೆ ಹೊರಡುವ ಬಟ್ಟೆಯಲ್ಲೇ ಊಟಕ್ಕೆ ಕೂತಿದ್ದಳು.

“ಕೆಮಿಸ್ಟ್ರಿ, ಅದರ ಲ್ಯಾಬು, ಗಣಿತ, ಇಂಗ್ಲಿಷು. ಇನ್ನೊಂದು ಯಾವ್ದೋ ಚಿಕ್ಕದು.”

“ಬಯಾಲಜಿ ಇಲ್ದೆ ಅದ್ಯಾವ ಡಾಕ್ಟ್ರು?”

“ಅದು ಆಮೇಲಮ್ಮ. ಶುರುವಲ್ಲೇ ಎರಡೆರಡು ಲ್ಯಾಬ್ ಹೊತ್ಕೋಬೇಡ, ಕೆಮಿಸ್ಟ್ರಿ ಮಾತ್ರ ಬಿಡ್ಬೇಡ ಅಂದ್ರು ಅಲ್ಲಿನ ಮೇಡಂ.”

“ಸರಿ. ಯಾವ್ಯಾವತ್ತು?”

“ಪಾಠ ಸೋಮ, ಬುಧ, ಶುಕ್ರ.” ಇಸಾಯ್ ಅನ್ನದ ಮೇಲೆ ಸಾರು ಸುರಿದುಕೊಂಡಳು. “ಲ್ಯಾಬು ಮಂಗಳವಾರ, ಗುರುವಾರ. ಬೆಳಿಗ್ಗೆ.”

ನೋರ್ಲಿ ಚಮಚ ಕೆಳಗಿಟ್ಟಳು. “ಅದಾಗಲ್ಲ.”

“ಯಾಕಾಗಲ್ಲ?”

“ಯಾಕೆ ಅಂತ ಬೇರೆ ಕೇಳ್ತೀಯಲ್ಲೇ! ಲೋಲಾನ ಯಾರ್ ಕರ್ಕೊಂಡ್ ಹೋಗೋದು?”

“ಕುಯಾ.”

ನಾವೆಲ್ಲ ರಾನೆಲ್ ಕಡೆ ತಿರುಗಿದೆವು. ಕುಯಾ ಎಂದರೆ ಅಣ್ಣ, ಆ ಅಣ್ಣ ಸಾರಿನಲ್ಲಿ ಮೀನಿನ ತಲೆ ಹುಡುಕುತ್ತಿದ್ದ. “ನಾನಾ?” ಎಂದ. “ನಾನ್ ಮಲಗೋದೇ ಬೆಳಗಿನ ಜಾವ!”

“ಬೇಗ ಮಲಕ್ಕೋ.”

“ಮಧ್ಯಾಹ್ನದ ಲ್ಯಾಬ್ ತಗೋಳೇ,” ಎಫ್ರೆನ್ ನಡುವೆ ಬಾಯಿ ಹಾಕಿದ.

“ತುಂಬೋಗಿದೆ ಅಪ್ಪ. ದೊಡ್ಡ ಕ್ಲಾಸಿನವ್ರು ಆರಿಸ್ಕೊಂಡು ಬಿಟ್ಟಿದ್ದು ನಮ್ಗೆ. ಉಳ್ದಿದ್ದು ಇದೊಂದೇ.”

“ಹಂಗಾದ್ರೆ ಕೆಮಿಸ್ಟ್ರಿ ಮುಂದಿನ ವರ್ಷ ತಗೋ,” ನೋರ್ಲಿ ತೀರ್ಪು ಕೊಟ್ಟಳು. “ಈ ವರ್ಷ ಸೈಕಾಲಜಿ ಗೀಕಾಲಜಿ ಅಂತ ಸುಲಭದ್ದು ತಗೊಂಡು ಒಳ್ಳೆ ಮಾರ್ಕ್ಸ್ ತೆಗಿ. ಕೆಲವು ಮನೇಲೇ ಕೂತು ಕಂಪ್ಯೂಟರಲ್ಲಿ ಓದ್ಬಹುದಂತೆ.”

“ಇದು ಮುಗಿದ್ರೆ ಮುಂದಿನ ಕೆಮಿಸ್ಟ್ರಿ, ಅದು ಮುಗಿದ್ರೆ ಅದರ ಮುಂದಿಂದು. ಒಂದರ ಬೆನ್ನಿಗೊಂದು ನಾಲ್ಕೈದು ಇವೆ ಅಮ್ಮ. ಈಗ ಬಿಟ್ರೆ ವರ್ಷ ಹೋಯ್ತು.”

“ಹೋಗ್ಲಿ. ಒಂದ್ವರ್ಷ ತಡವಾದ್ರೆ ಆಕಾಶ ಕಳಚಿ ಬೀಳತ್ತಾ?”

“ಒಂದ್ವರ್ಷ ಆದ್ಮೇಲೆ ಲೋಲಾಗೆ ಡಯಾಲಿಸಿಸ್ ಬೇಡ್ವಾ?”

ಲೋಲಾ ತನ್ನ ಸಪ್ಪೆ ಸಾರಿನಿಂದ ತಲೆ ಎತ್ತಿದಳು. “ಅಂದ್ರೆ ವರ್ಷದೊಳಗೆ ನಾನು ಹೋಗ್ತೀನಿ ಅಂತ ಅಂದಾಜಾ ನೋರ್ಲಿ?”

“ಅಯ್ಯೋ ಅತ್ತೆ, ನಾನೆಲ್ಲಿ ಹಂಗಂದೆ!”

“ಅನ್ಲಿಲ್ಲ ಬಿಡು. ಇಲ್ಲೇ ಕೂತಿದೀನಿ, ನನ್ನನ್ನ ಯಾರು ಹೊರ್ಬೇಕು ಅಂತ ನನ್ನೆದುರೇ ಜಗಳ ಆಡ್ತಿದೀರ. ಆಡಿ.”

“ಹಂಗಲ್ಲ ಅತ್ತೆ. ರಾನೆಲ್ ಗಂಡು ಹುಡ್ಗ. ನಿಮ್ಗೆ ಬಾತ್‌ರೂಮು ಗೀತ್‌ರೂಮು ಅಂದ್ರೆ ಅವ್ನು ಏನ್ ಮಾಡ್ತಾನೆ?”

“ಅವ್ನ ಅಂಡು ತೊಳ್ದಿದ್ದು ನಾನು,” ಎಂದಳು ಲೋಲಾ. “ನನ್ನ ಕೈ ಹಿಡ್ದು ಕಾರು ಹತ್ಸೋಕೆ ಅವ್ನಿಗೆ ನಾಚ್ಕೆನಾ?”

ರಾನೆಲ್ ತಟ್ಟೆ ತೆಗೆದುಕೊಂಡು ಒಳಗೆ ಹೋದ. ನೋರ್ಲಿ ಎದ್ದು ಚೀಲ ಹೆಗಲಿಗೇರಿಸಿದಳು. “ಹದಿನೈದು ವರ್ಷದಿಂದ ಡಾಕ್ಟ್ರುಗಳನ್ನ ನಿದ್ದೆಯಿಂದ ಎಬ್ಬಿಸ್ತಾ ಇದೀನಿ ಇಸಾಯ್. ಡಾಕ್ಟ್ರು ಹೆಂಗಾಗ್ತಾರೆ ಅಂತ ನಂಗೆ ಹೇಳ್ಕೊಡ್ಬೇಡ. ಆ ಲ್ಯಾಬು ಬಿಡು.”

“ಬಿಡಲ್ಲ.”

ಆ ಎರಡು ಮಾತು ಆ ದಿನದಿಂದ ನಮ್ಮ ಮನೆಯ ಗೋಡೆ ಗಡಿಯಾರವಾದವು. ಬಟ್ಟೆ ಒಣಹಾಕುವಾಗ “ಬಿಟ್ಯಾ?” “ಬಿಡಲ್ಲ.” ಅಕ್ಕಿ ತೊಳೆಯುವಾಗ “ಬಿಟ್ಯಾ?” “ಬಿಡಲ್ಲ.”

ಹುಡುಗಿ ಬರೀ ಹಟ ಹಿಡಿದು ಕೂರಲಿಲ್ಲ, ಅದನ್ನೂ ಹೇಳಬೇಕು. ಡಯಾಲಿಸಿಸ್ ಕೇಂದ್ರದಲ್ಲಿ ಮಧ್ಯಾಹ್ನದ ಕುರ್ಚಿ ಸಿಗುತ್ತದಾ ಎಂದು ವಿಚಾರಿಸಿದಳು. ಸದ್ಯಕ್ಕಿಲ್ಲ ಎಂದರು. “ಯಾರಾದ್ರೂ ಸತ್ರೆ ಸಿಗತ್ತೆ ಅಂತ ಬಾಯಿಬಿಟ್ಟು ಹೇಳೋಕೆ ಅವ್ರಿಗೆ ಸಂಕೋಚ,” ಎಂದಳು ಲೋಲಾ. ರೋಗಿಗಳನ್ನು ಕರೆದೊಯ್ಯುವ ವ್ಯಾನಿಗೆ ಹೇಳೋಣ ಎಂದಳು ಇಸಾಯ್. ಅದಕ್ಕೆ ಎಫ್ರೆನ್ ಕೆಂಡವಾದ. “ನಾನು ಬಸ್ ಡ್ರೈವರ್ರು! ನನ್ ತಾಯಿ ಬಾಡಿಗೆ ವ್ಯಾನಲ್ಲಿ ಹೋಗೋದಾ? ಊರವ್ರು ನನ್ನ ಮುಖಕ್ಕೆ ಉಗೀತಾರೆ!” ಉಗಿಯುವ ಊರವರಲ್ಲಿ ಒಬ್ಬರಾದರೂ ಬಂದು ಲೋಲಾಳನ್ನು ಕರೆದೊಯ್ಯುತ್ತಾರಾ ಎಂದು ನಾನು ಕೇಳಿದೆ. ಅಡುಗೆ ಮಾಡಿ ಅಕ್ಕಾ ಎಂದ.

ಒಂದು ಶನಿವಾರ ನಾನೂ ಅವರ ಜೊತೆ ಹೋಗಿದ್ದೆ. ದಾರಿಯಲ್ಲಿ ಲೋಲಾ ಕೈಚೀಲದಿಂದ ಮೆಲ್ಲಗೆ ಒಂದು ಬಾಳೆಹಣ್ಣು ತೆಗೆದಳು. ಇಸಾಯ್ ಒಂದೇ ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದು ಕೈ ಚಾಚಿ ಅದನ್ನು ಕಿತ್ತುಕೊಂಡಳು.

“ಅರ್ಧ ಕೊಡೇ ಪಾಪಿ.”

“ಅದ್ರಲ್ಲಿ ಪೊಟ್ಯಾಸಿಯಂ ಇದೆ ಲೋಲಾ. ಹೃದಯ ನಿಂತೋಗತ್ತೆ.”

“ಅರವತ್ತು ವರ್ಷ ತಿಂದಿದೀನಿ, ಆಗೆಲ್ಲಿತ್ತು ಆ ಪೊಟ್ಯಾಸಿಯಮ್ಮು?”

“ಆಗ್ಲೂ ಇತ್ತು. ನಿನ್ ಕಿಡ್ನಿ ಆಚೆ ಹಾಕ್ತಿತ್ತು.”

“ಬಾಳೆಹಣ್ಣಿಂದು ಹೃದಯಕ್ಕೆ ಹೋಗಿ ಏನ್ ಮಾಡತ್ತೆ?”

ಇಸಾಯ್ ಬ್ರೇಕ್ ಒತ್ತಿದಳು. ಸಿಗ್ನಲ್ ಕೆಂಪಾಗಿತ್ತು. “ಗೊತ್ತಿಲ್ಲ,” ಎಂದಳು. “ಅಲ್ಲಿ ನರ್ಸನ್ನ ಕೇಳ್ದೆ, ಕೊಡ್ಬೇಡಿ ಅಂದ್ರು. ಅಮ್ಮನ್ನ ಕೇಳ್ದೆ, ಕೊಡ್ಬೇಡ ಅಂದ್ಳು. ಯಾಕೆ ಅಂತ ಯಾರೂ ಕೂತು ಹೇಳಲ್ಲ. ಅದಕ್ಕೇ ನಂಗೆ ಆ ಕ್ಲಾಸು ಬೇಕು ತೀತಾ.” ನನ್ನನ್ನು ಅವಳು ಕರೆಯುವುದು ತೀತಾ, ಅಂದರೆ ದೊಡ್ಡಮ್ಮ ಎಂದು, ಆದರೆ ಆ ಮಾತನ್ನು ಹೇಳಿದ್ದು ರಸ್ತೆಗೆ. ನಾನು ಅಂದೇ ಅವಳ ಕಡೆಯವಳಾದೆ.

ಆಗಸ್ಟ್ ಮೊದಲ ಭಾನುವಾರ ಲೋಲಾಳ ಹುಟ್ಟುಹಬ್ಬ. ಇಡೀ ಹಂದಿ ಸುಟ್ಟಿದ್ದರು. ಆಯುಸ್ಸಿಗೆ ಒಳ್ಳೆಯದೆಂದು ನಾನು ಉದ್ದುದ್ದ ಶಾವಿಗೆ ಮಾಡಿದ್ದೆ. ಬೀದಿಯವರು, ಚರ್ಚಿನವರು, ಬಸ್ ಡಿಪೋದವರು ಎಲ್ಲ ಅಂಗಳ ತುಂಬಿದ್ದರು. ಹಾಡಿದವರಿಗೆ ಅಂಕ ಕೊಡುವ ಕರೋಕೆ ಯಂತ್ರದ ಮುಂದೆ ಎಫ್ರೆನ್ ಒಂದು ಪ್ರೇಮಗೀತೆಯ ಕುತ್ತಿಗೆ ಹಿಸುಕುತ್ತಿದ್ದ. ಇಸಾಯ್ ತಟ್ಟೆ ಹಿಡಿದು ಎರಡು ಹೆಜ್ಜೆ ಇಡಲಾರದೆ ಹೋದಳು. ಹೆಂಗಸರೆಲ್ಲ ಮುತ್ತಿಕೊಂಡಿದ್ದರು.

“ಡಾಕ್ಟ್ರಮ್ಮಾ, ಈ ಮೊಣಕಾಲು ನೋಡೇ, ಹತ್ತುವಾಗ ಕಟಕಟ ಅನ್ನತ್ತೆ.”

“ಡಾಕ್ಟ್ರಮ್ಮಾ, ಈ ಮಾತ್ರೆ ಊಟಕ್ಕೆ ಮುಂಚೆನಾ ಆಮೇಲಾ?”

ಎದುರು ಮನೆಯ ಪಾಸಿಂಗ್ ಕೇಳಿದಳು, “ಕಾಲೇಜು ಶುರುವಾಗತ್ತಲ್ಲ, ಏನೇನ್ ಓದ್ತೀಯೇ?”

ಇಸಾಯ್ ಬಾಯಿ ತೆರೆಯುವ ಮೊದಲೇ ನೋರ್ಲಿ ಶಾವಿಗೆ ಬಡಿಸುತ್ತ ಹೇಳಿದಳು, “ಮೊದಲ್ನೇ ವರ್ಷ ಸೈಕಾಲಜಿ, ಇಂಗ್ಲಿಷು, ಹಿಂಗೇ ಸಣ್ಣಪುಟ್ಟದ್ದು. ಕೆಮಿಸ್ಟ್ರಿ ಗಿಮಿಸ್ಟ್ರಿ ಎಲ್ಲಾ ಆಮೇಲೆ. ಲೋಲಾನ ನೋಡ್ಕೋಬೇಕಲ್ಲ, ನಮ್ಮುಡ್ಗಿಗೆ ಲೋಲಾ ಅಂದ್ರೆ ಪ್ರಾಣ.”

ಇಸಾಯ್ ತಟ್ಟೆ ಪಾಸಿಂಗ್‌ಳ ಕೈಗೆ ಕೊಟ್ಟಳು. ನೆಟ್ಟಗೆ ಹೋಗಿ ಅಪ್ಪನ ಕೈಯಿಂದ ಮೈಕು ಕಿತ್ತುಕೊಂಡಳು.

“ಎಲ್ರಿಗೂ ಒಂದ್ ಮಾತು,” ಎಂದಳು. ಹಿಂದೆ ಪ್ರೇಮಗೀತೆಯ ವಾದ್ಯ ನಡೆದೇ ಇತ್ತು. “ಆ ಫ್ಲೆಕ್ಸಲ್ಲಿರೋ ಡಾಕ್ಟ್ರು ಕೆಮಿಸ್ಟ್ರಿ ಓದೋ ಹಾಗಿಲ್ವಂತೆ. ಯಾಕಂದ್ರೆ ಮಂಗಳವಾರ ಕಾರು ಓಡ್ಸೋಕೆ ಈ ಮನೇಲಿ ಇನ್ಯಾರಿಗೂ ಕೈಕಾಲಿಲ್ಲ. ಲೋಲಾ ಅಂದ್ರೆ ನಂಗೊಬ್ಳಿಗೇ ಪ್ರಾಣ ಅಂತೆ. ಕೆಮಿಸ್ಟ್ರಿ ಓದ್ದೇ ಇರೋ ಡಾಕ್ಟ್ರ ಹತ್ರ ದಯವಿಟ್ಟು ಯಾರೂ ಮೊಣಕಾಲು ತೋರಿಸ್ಬೇಡಿ.”

ಹಾಡು ಮುಗಿಯಿತು. ಯಂತ್ರ ಅವಳ ಮಾತಿಗೂ ಅಂಕ ಕೊಟ್ಟು ಚಪ್ಪಾಳೆ ಹೊಡೆಯಿತು. ಬೇರೆ ಯಾರೂ ಹೊಡೆಯಲಿಲ್ಲ, ಲೋಲಾ ಒಬ್ಬಳನ್ನು ಬಿಟ್ಟು.

ನೆಂಟರು ಹೋದ ಮೇಲೆ ಅಡುಗೆಮನೆಯಲ್ಲಿ ಪಾತ್ರೆಗಳು ಒಂದಕ್ಕೊಂದು ಬಡಿದುಕೊಂಡವು.

“ಊರ ಮುಂದೆ ನನ್ನ ಮಾನ ಹರಾಜು ಹಾಕ್ದೆ,” ನೋರ್ಲಿ ಹೇಳಿದಳು.

“ನಾನ್ ಹಾಕ್ಲಿಲ್ಲ. ಫ್ಲೆಕ್ಸ್ ಮಾಡಿ ಗೋಡೆಗೆ ಕಟ್ಟಿದ್ದು ನೀವು.”

“ನಮ್ಮಪ್ಪ ನರ್ಸಿಂಗ್ ಓದು ಅಂದ್ರು, ಓದ್ದೆ. ನಂಗೇನ್ ಬೇಕು ಅಂತ ಒಬ್ರೂ ಕೇಳ್ಲಿಲ್ಲ. ನಾನ್ ಸತ್ತೋದ್ನಾ?”

“ಸಾಯ್ಲಿಲ್ಲ,” ಎಂದಳು ಇಸಾಯ್, ಬಾಣಲೆ ಉಜ್ಜುತ್ತಲೇ. “ಆದ್ರೆ ಅದನ್ನ ಹೇಳೋವಾಗ ಇವತ್ತಿಗೂ ನಿಂಗೆ ಅಳು ಬರತ್ತೆ.”

ನೋರ್ಲಿ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಹೊರಗೆ ಹೋದಳು. ಆಮೇಲೆ ಮಗಳ ಜೊತೆ ಮಾತು ಬಿಟ್ಟಳು. ನನ್ನ ತಂಗಿಯ ಮುನಿಸು ಸಣ್ಣದಲ್ಲ. ಮೂವರೂ ಒಂದೇ ಮೇಜಿಗೆ ಕೂತಿದ್ದರೂ, “ಅಕ್ಕಾ, ಉಪ್ಪು ಈ ಕಡೆ ಸರಿಸೋಕೆ ಹೇಳು ಅವಳಿಗೆ,” ಎನ್ನುವಳು. ಇಸಾಯ್ ಉಪ್ಪು ಸರಿಸಿ, “ತೀತಾ, ಲ್ಯಾಬ್ ಬಿಟ್ಟಿಲ್ಲ ಅಂತ ಹೇಳಿ ಅವ್ರಿಗೆ,” ಎನ್ನುವಳು. ನಾನು ನಡುವೆ ಕೂತು ಅನ್ನ ತಿನ್ನುವೆ.

ಇನ್ನು ಎಫ್ರೆನ್‌ನ ಕಥೆ. ಬಸ್ ಡಿಪೋದಲ್ಲಿ ಆಗಸ್ಟ್ ಬಂದರೆ ಡ್ರೈವರುಗಳು ಮುಂದಿನ ತಿಂಗಳುಗಳ ಪಾಳಿಯನ್ನೂ ವಾರದ ರಜೆಯನ್ನೂ ಆರಿಸಿಕೊಳ್ಳುತ್ತಾರೆ. ಹಳಬರಿಗೆ ಮೊದಲ ಆಯ್ಕೆ, ಎಫ್ರೆನ್ ಹಳೇ ಹುಲಿ. ಹಿಂದಿನ ದಿನವೇ ಇಸಾಯ್ ಅವನ ಬೆನ್ನು ಹತ್ತಿದಳು. “ಅಪ್ಪ, ಗುರುವಾರ ರಜೆ ತಗೋ. ನಿನ್ ಅಮ್ಮನ್ನ ವಾರಕ್ಕೊಂದ್ಸಲ ನೀನೇ ಕರ್ಕೊಂಡ್ ಹೋದಂಗಾಗತ್ತೆ.”

“ನೋಡೋಣ,” ಎಂದ.

ಮರುದಿನ ಬಂದವನು ನೇರ ಸ್ನಾನಕ್ಕೆ ನಡೆದ. ಹೊರಗೆ ಬರುವವರೆಗೆ ಮಗಳು ಬಾಗಿಲಲ್ಲೇ ನಿಂತಿದ್ದಳು.

“ಯಾವ ರಜೆ ತಗೊಂಡೆ?”

“ಅದೇ ಕಣೇ. ಭಾನುವಾರ, ಸೋಮವಾರ. ಭಾನುವಾರ ಚರ್ಚು ಬೇಡ್ವಾ? ಸೋಮವಾರ ಹುಡುಗ್ರೆಲ್ಲ ದಕ್ಕೆಗೆ ಮೀನು ಹಿಡಿಯೋಕೆ ಬರ್ತಾರೆ, ಎಷ್ಟು ವರ್ಷದ್ದು ಅದು...”

“ಸೋಮವಾರ ಡಯಾಲಿಸಿಸ್ ಯಾರಿಗೋ?” ಲೋಲಾ ಟೀವಿಯ ಮುಂದಿನಿಂದಲೇ ಕೇಳಿದಳು. “ಮೀನಿಗಾ?”

ನಾನು ಬಾಯಿಗೆ ಕೈಯೊರೆಸುವ ಬಟ್ಟೆ ಅಡ್ಡ ಹಿಡಿದು ನಕ್ಕೆ. ಇಸಾಯ್ ನಗಲಿಲ್ಲ. ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನೀನೂ ಆರಿಸ್ಕೊಂಡೆ, ನಾನೂ ಆರಿಸ್ಕೊಂಡಿದೀನಿ,” ಎಂದು ಹೋದಳು.

ಆ ಭಾನುವಾರ ಇಸಾಯ್ ತಲೆನೋವೆಂದು ಚರ್ಚಿಗೆ ಬರಲಿಲ್ಲ. ನಾವು ಪೂಜೆ ಮುಗಿಸಿ ಬೀದಿಗೆ ತಿರುಗಿದಾಗ ನಮ್ಮ ಮನೆ ಮುಂದೆ ಜನ ನಿಂತಿದ್ದರು. ಡಾಕ್ಟರ್ ಇಸಾಬೆಲ್ ಗೋಡೆಯ ಮೇಲಿರಲಿಲ್ಲ. ಫ್ಲೆಕ್ಸನ್ನು ಬಿಚ್ಚಿ, ತಿರುವಿ ಹಾಕಿ, ಬಿಳಿಯ ಬೆನ್ನಿನ ಮೇಲೆ ಬೇಲಿಗೆ ಬಳಿಯುವ ನೀಲಿ ಬಣ್ಣದಲ್ಲಿ ಮೊಣಕೈ ಉದ್ದದ ಅಕ್ಷರ ಬರೆದಿದ್ದಳು.

‘ಲೋಲಾಳ ಡಯಾಲಿಸಿಸ್. ಮಂಗಳವಾರ ರಾನೆಲ್. ಗುರುವಾರ ಎಫ್ರೆನ್. ಶನಿವಾರ ಇಸಾಯ್. ಎಲ್ಲರಿಗೂ ಅಭಿನಂದನೆಗಳು.’

ಏಣಿ ಇನ್ನೂ ಗೋಡೆಗೆ ಒರಗಿತ್ತು. ಇಸಾಯ್ ಅದರ ಪಕ್ಕ ಬಣ್ಣದ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು, ಓಡಿಹೋಗಿರಲಿಲ್ಲ.

“ಏನೋ ರಾನೆಲ್, ಮಂಗಳವಾರ ಪಾಸಾದ್ಯಂತೆ!” ಬೇಲಿಯಾಚೆಯಿಂದ ಯಾರೋ ಕೂಗಿದರು. ರಾನೆಲ್‌ನ ಕಿವಿ ಕೆಂಪಾಯಿತು.

ನೋರ್ಲಿ ಯಾರ ಮುಖವನ್ನೂ ನೋಡದೆ ಒಳಗೆ ಹೋದಳು. ಎಫ್ರೆನ್ ಚರ್ಚಿನ ಅಂಗಿಯಲ್ಲೇ ಏಣಿಗೆ ಕಾಲಿಟ್ಟ. “ಮಾನ ಮರ್ಯಾದೆ ಇಲ್ವಾ ನಿಂಗೆ? ಇಳಿಸ್ತೀನಿ ಇದನ್ನ!”

“ಮುಟ್ಟು, ನೋಡ್ತೀನಿ,” ಎಂದಳು ಲೋಲಾ. ಊರುಗೋಲಿನಿಂದ ಏಣಿಯ ಕಾಲನ್ನು ತಟ್ಟಿದಳು. “ಮೊದಲ್ನೇದನ್ನ ಇಳಿಸು ಅಂದೆ, ಇಳಿಸ್ಲಿಲ್ಲ. ಈಗ ಇದೂ ಅಲ್ಲೇ ಇರ್ಲಿ. ಅದ್ರಲ್ಲಿ ಇದ್ದಿದ್ದು ಸುಳ್ಳು. ಇದ್ರಲ್ಲಿ ಒಂದಕ್ಷರ ಸುಳ್ಳಿದ್ರೆ ಹೇಳು.”

ಎಫ್ರೆನ್ ಏಣಿಯಿಂದ ಇಳಿದ. ತಾಯಿಗೆ ಎದುರಾಡಿ ಅವನಿಗೆ ಅಭ್ಯಾಸವಿಲ್ಲ. ಈ ಎಲ್ಲದರಲ್ಲಿ ನನಗೊಂದು ತೊಂದರೆಯಾಯಿತು. ಫ್ಲೆಕ್ಸ್ ತಿರುಗಿದ್ದರಿಂದ ಬಿಳಿ ಕೋಟಿನ ಇಸಾಯ್ ಈಗ ಕಿಟಕಿಯ ಮೂಲಕ ನನ್ನ ಕೋಣೆಯೊಳಗೇ ನೋಡತೊಡಗಿದಳು. ಬಟ್ಟೆ ಬದಲಿಸುವಾಗ ಮೊದಮೊದಲು ಮುಜುಗರವಾಗುತ್ತಿತ್ತು.

ಮೂರನೆಯ ದಿನ ಎಫ್ರೆನ್ ಗಾಳ, ದಾರ ಒರೆಸುತ್ತ ಕೂತು ಗಾಳದ ಪೆಟ್ಟಿಗೆಗೆ ಹೇಳುವವನ ಹಾಗೆ ಹೇಳಿದ, “ಗುರುವಾರದ ಬೆಳಗಿನ ಪಾಳಿ ಬೇರೆಯವ್ನ ಜೊತೆ ಅದಲು ಬದಲು ಮಾಡ್ಕೊಂಡೆ. ಸುಮ್ನೆ ಹೇಳ್ದೆ.” ಇಸಾಯ್ ಥ್ಯಾಂಕ್ಸ್ ಹೇಳಲಿಲ್ಲ. ಯಾಕೆ ಹೇಳಬೇಕು? ಅವನ ತಾಯಿ.

ಉಳಿದದ್ದು ಮಂಗಳವಾರ. ರಾನೆಲ್‌ನನ್ನು ಕೇಳಿದರೆ “ನೋಡೋಣ” ಎನ್ನುತ್ತಿದ್ದ, ಥೇಟ್ ಅಪ್ಪನ ಹಾಗೆ. ನೋರ್ಲಿ ನನ್ನ ಮೂಲಕ ಹೇಳಿಸಿದಳು, “ವಿಷಯ ಬದಲಾಯ್ಸೋಕೆ ಇನ್ನೂ ಟೈಮಿದೆಯಂತೆ, ಅವ್ನನ್ನ ನಂಬ್ಕೊಂಡು ಕೆಡಬೇಡ ಅನ್ನು.” ನಾನು ಅದನ್ನು ಮುಟ್ಟಿಸಲಿಲ್ಲ. ಮುಟ್ಟಿಸುವ ಅಗತ್ಯವೂ ಇರಲಿಲ್ಲ, ಹುಡುಗಿ ಮೇಜಿನ ಆ ಬದಿಯಲ್ಲೇ ಇದ್ದಳು.

ಕಾಲೇಜು ಶುರುವಾಗಿ ಮೊದಲ ಮಂಗಳವಾರ ಬಂತು. ನನ್ನ ಕೆಲಸ ಬೇಕರಿಯಲ್ಲಿ, ನಸುಕಿಗೇ ಹೋಗಿ ಬನ್ನು ಬೇಯಿಸಿ ಬೆಳಗಾಗುವಾಗ ಹಿಂತಿರುಗುತ್ತೇನೆ. ಬಿಸಿ ಬನ್ನಿನ ಚೀಲ ಹಿಡಿದು ನಮ್ಮ ಬೀದಿಯ ತುದಿಗೆ ಬಂದೆ. ಬಸ್ ನಿಲ್ದಾಣದಲ್ಲಿ ಇಸಾಯ್ ನಿಂತಿದ್ದಳು. ಬೆನ್ನಿಗೆ ಚೀಲ, ಕೈಯಲ್ಲಿ ಲ್ಯಾಬಿಗೆಂದು ಕೊಂಡ ಹೊಸ ಕನ್ನಡಕ. ತುಟಿ ಬಿಳಿಚಿತ್ತು.

“ಕಾರೆಲ್ಲೇ?” ಎಂದೆ.

“ಮನೇಲಿದೆ. ಲೋಲಾನ ಕಾರಲ್ಲಿ ಕೂರ್ಸಿ, ಬೆಲ್ಟ್ ಹಾಕಿ, ಕೀಲಿ ಅವ್ಳ ಕೈಗೆ ಕೊಟ್ಟು ಬಂದೆ.”

“ರಾನೆಲ್?”

“ಎದ್ದಿಲ್ಲ. ಬಾಗಿಲು ಬಡಿದೂ ಬಡಿದೂ ಸಾಕಾಯ್ತು. ಅಷ್ಟ್ರಲ್ಲಿ ಅಮ್ಮ ಡ್ಯೂಟಿಯಿಂದ ಬಂದ್ಳು. ಇವತ್ತೊಂದಿನ ಕರ್ಕೊಂಡ್ ಹೋಗು ಅಂದ್ಳು. ಹದಿನೈದು ದಿನ ಆದ್ಮೇಲೆ ನನ್ ಹತ್ರ ಆಡಿದ ಮೊದಲ್ನೇ ಮಾತು ತೀತಾ.”

“ನೀನೇನಂದೆ?”

“ಇವತ್ತೊಂದಿನ ಹೋದ್ರೆ ದಿನಾ ನಾನೇ ಹೋಗ್ಬೇಕು ಅಂದೆ. ಅಜ್ಜಿಗೆ ಏನಾದ್ರೂ ಆದ್ರೆ ಯಾರು ಹೊಣೆ ಅಂದ್ಳು.” ಅವಳ ಕಣ್ಣು ತುಂಬಿ ಬಂತು. “ಏನಾದ್ರೂ ಆದ್ರೆ ತೀತಾ? ಕುರ್ಚಿ ಕಾಯಲ್ಲ ಅಲ್ಲಿ. ತಡವಾದ್ರೆ ಬೇರೆಯವ್ರಿಗೆ ಕೊಡ್ತಾರೆ. ವಾಪಸ್ ಹೋಗ್ಲಾ?”

ಹೋಗು ಎಂದರೆ ಅವಳ ಕ್ಲಾಸು ಹೋಯಿತು, ಹೋಗಬೇಡ ಎಂದರೆ ಲೋಲಾ. ಬಾಯಿಗೆ ಬಂದದ್ದನ್ನು ಹೇಳುವ ಮೊದಲೇ ಬೀದಿಯ ಆ ತುದಿಯಿಂದ ಕಾರಿನ ಹಾರ್ನ್ ಕೇಳಿತು. ಒಂದು ಸಲ ಬಡಿದು ಬಿಟ್ಟ ಸದ್ದಲ್ಲ ಅದು. ಒತ್ತಿ ಹಿಡಿದ ಹಾರ್ನ್, ನಿಲ್ಲುವ ಲಕ್ಷಣವೇ ಇರಲಿಲ್ಲ.

“ಲೋಲಾ!” ಇಸಾಯ್ ಬೆಚ್ಚಿದಳು.

ನಾನು ನಾಲ್ಕು ಹೆಜ್ಜೆ ಓಡಿ ಮೂಲೆಯಿಂದ ಬಗ್ಗಿ ನೋಡಿದೆ. ಲೋಲಾ ಪಕ್ಕದ ಸೀಟಿನಲ್ಲಿ ಬೆಲ್ಟ್ ಕಟ್ಟಿಸಿಕೊಂಡು ಕೂತಿದ್ದವಳು ಊರುಗೋಲು ಚಾಚಿ ಅದರ ತುದಿಯಿಂದ ಹಾರ್ನನ್ನು ಅಮುಕಿ ಹಿಡಿದಿದ್ದಳು. ಮನೆಮನೆಯ ಬಾಗಿಲು ತೆರೆದವು. ಪಾಸಿಂಗ್ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಬಂದಳು. ಬಂದವಳು ಲೋಲಾಳನ್ನು ನೋಡಿದಳು, ಗ್ಯಾರೇಜಿನ ಮೇಲೆ ಓದಿದಳು, ನೊರೆ ಉಗಿದು ಕೂಗಿದಳು, “ರಾನೆಲ್! ಇವತ್ತು ಮಂಗಳವಾರ ಕಣೋ!” ಅವಳ ಗಂಡ ಕೂಗಿದ. ಆಚೆ ಮನೆಯ ಮಕ್ಕಳು ಅದನ್ನೇ ಹಾಡು ಮಾಡಿಕೊಂಡರು. ನೋರ್ಲಿ ಬಾಗಿಲಲ್ಲಿ ನಿಂತಿದ್ದಳು, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು.

ಇತ್ತ ಬಸ್ ಬಂದು ನಿಂತಿತು. ಬಾಗಿಲು ತೆರೆಯಿತು. ಡ್ರೈವರ್ ಸೀಟಿನಲ್ಲಿ ಎಫ್ರೆನ್. ಅದು ಅವನದೇ ಮಾರ್ಗ.

ಅಪ್ಪ ಮಗಳು ಒಬ್ಬರನ್ನೊಬ್ಬರು ನೋಡಿದರು. ಹಾರ್ನ್ ಅವನಿಗೂ ಕೇಳುತ್ತಿತ್ತು. ತನ್ನ ಕಾರಿನ ಹಾರ್ನ್ ಯಾವನಿಗೆ ತಿಳಿಯುವುದಿಲ್ಲ? ಅದನ್ನು ಯಾರು ಒತ್ತುತ್ತಿದ್ದಾರೆಂದೂ ಅವನಿಗೆ ತಿಳಿಯಿತು. ಮನೆಗೆ ಹೋಗು ಎನ್ನುತ್ತಾನೆ ಎಂದುಕೊಂಡೆ. ಎಂದಿದ್ದರೆ ಆ ಬಿಸಿ ಬನ್ನಿನ ಚೀಲವನ್ನು ಅವನ ಮುಖಕ್ಕೆ ಬೀಸುತ್ತಿದ್ದೆ, ದೇವರಾಣೆ.

“ಹತ್ತೋದಾದ್ರೆ ಹತ್ತು,” ಎಂದ ಎಫ್ರೆನ್, ಕನ್ನಡಿಯಲ್ಲಿ ಹಿಂದಿನ ಪ್ರಯಾಣಿಕರನ್ನು ನೋಡುತ್ತ. “ಮೊದಲ್ನೇ ದಿನಾನೇ ತಡ ಮಾಡ್ಕೊಂಡು ಹೋಗ್ಬೇಡ.”

ಇಸಾಯ್ ಹತ್ತಿದಳು. ನಾನು ಕಿಟಕಿಯಿಂದ ಎರಡು ಬನ್ನು ಒಳಗೆ ತುರುಕಿದೆ. ಅಷ್ಟರಲ್ಲಿ ಹಾರ್ನ್ ನಿಂತಿತು. ಬಸ್ ಇನ್ನೂ ಕದಲಿರಲಿಲ್ಲ, ನಮ್ಮ ಕಾರು ಮೂಲೆ ತಿರುಗಿ ಬಂತು. ರಾನೆಲ್ ಚಡ್ಡಿಯಲ್ಲೇ ಇದ್ದ, ಕೂದಲು ಕಾಗೆ ಗೂಡು, ಒಂದು ಕಾಲಿಗೆ ಮಾತ್ರ ಚಪ್ಪಲಿ. ಪಕ್ಕದಲ್ಲಿ ಲೋಲಾ ಕಪ್ಪು ಕನ್ನಡಕ ಹಾಕಿಕೊಂಡು ಎದುರಿಗೆ ನೋಡುತ್ತ ಕೂತಿದ್ದಳು. ಬಸ್ಸಿನ ಪಕ್ಕ ಬರುತ್ತಲೇ ಊರುಗೋಲು ಎತ್ತಿ ಇನ್ನೊಂದು ಸಲ ಹಾರ್ನ್ ಬಾರಿಸಿದಳು. ಎಫ್ರೆನ್ ಬಸ್ಸಿನ ಹಾರ್ನಿನಿಂದ ಉತ್ತರ ಕೊಟ್ಟ. ಇಸಾಯ್ ನಗುತ್ತಿದ್ದಳೋ ಅಳುತ್ತಿದ್ದಳೋ ನನ್ನ ಪೊರೆಗಣ್ಣಿಗೆ ಕಾಣಲಿಲ್ಲ.

ಮನೆಗೆ ಬಂದಾಗ ನೋರ್ಲಿ ಡ್ಯೂಟಿಯ ಬಟ್ಟೆ ಬಿಚ್ಚದೆ ಅಡುಗೆಮನೆಯಲ್ಲಿ ಕೂತಿದ್ದಳು. ನಾನು ಬನ್ನಿನ ಚೀಲ ಮುಂದಿಟ್ಟು ಕಾಫಿ ಬಗ್ಗಿಸಿದೆ.

“ಹೋದ್ಳಾ?” ಎಂದಳು.

“ಹೋದ್ಳು. ಅಪ್ಪನ ಬಸ್ಸಲ್ಲೇ.”

ಕಾಫಿ ಲೋಟ ಹತ್ತಿರ ಎಳೆದುಕೊಂಡಳು. “ಇವತ್ತೇನೋ ಬೀದಿಯೆಲ್ಲ ಎದ್ದು ಕಳಿಸ್ತು. ಮುಂದಿನ ಮಂಗಳವಾರ ಏನ್ ಮಾಡ್ತಾಳೋ ನೋಡ್ತೀನಿ.”

“ಮುಂದಿನ ಮಂಗಳವಾರಾನೂ ಹೋಗ್ತಾಳೆ,” ಎಂದೆ.

ನೋರ್ಲಿ ಬನ್ನು ಮುರಿದು ಕಾಫಿಯಲ್ಲಿ ಅದ್ದಿದಳು. “ಹೋಗ್ಲಿ,” ಎಂದಳು. “ಆ ರಾನೆಲ್‌ಗೆ ಒಂದು ಅಲಾರಂ ಗಡಿಯಾರ ತರ್ಬೇಕು.”